ಹೆಸರು ಹೇಳಬಾರದ ಕರಡಿ

ನಮ್ಮ ಮನೆಯಲ್ಲಿ ದೊಡ್ಡ ಸಂಗತಿಗಳೆಲ್ಲ ಹೇಗೋ ನೇರವಾಗಿ ನಡೆದುಹೋಗುತ್ತವೆ, ಎಡವುವುದು ಸಣ್ಣವುಗಳಲ್ಲಿ. ಬೋರ್‌ವೆಲ್ ಕೊರೆಸಿದೆವು, ನೀರು ಬಂತು. ಅಣ್ಣ ತಮ್ಮಂದಿರ ನಡುವೆ ಭಾಗದ ಮಾತು ಬಂತು, ಬಂದ ಹಾಗೇ ಹೋಯಿತು. ಆದರೆ ಒಂದು ಫೋನಿನೊಳಗಿನ ಕರಡಿಮರಿಯಿಂದ ಹೆಣ್ಣುಮಗಳ ಮದುವೆಯೇ ತಪ್ಪಿಹೋಗುವುದರಲ್ಲಿತ್ತು. ಇಂಥದ್ದು ನಮ್ಮಲ್ಲಿ ವರ್ಷಕ್ಕೊಂದು ಆಗುತ್ತಲೇ ಇರುತ್ತದೆ. ಈ ಸಲದ್ದನ್ನು ಮಾತ್ರ ಬರೆದಿಡಲೇಬೇಕು ಅನ್ನಿಸಿತು.

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ನಾನು ಹಿರೀ ಸೊಸೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಈ ಮನೆಗೆ ಬಂದವಳು. ಹಾಲಿನ ಲೆಕ್ಕ, ಕೂಲಿ ಲೆಕ್ಕ, ಯಾರ ಮನೆಗೆ ಏನು ಮುಯ್ಯಿ ಹೋಯಿತು ಎಂಬುದೆಲ್ಲ ನಾನು ಬರೆದಿಟ್ಟರೇ ಈ ಮನೆಯಲ್ಲಿ ಪ್ರಮಾಣ. ಆದ್ದರಿಂದ ಮುಂದೆ ಬರುವ ಮಾತುಗಳಿಗೆ ನಾನು ಉಪ್ಪು ಖಾರ ಸೇರಿಸಿಲ್ಲ. ಅದರ ಅಗತ್ಯವೂ ಇರಲಿಲ್ಲ.

ಬ್ಯಾಂಕಿನಲ್ಲಿ

ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ಗಂಡನ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಬಹಳ ಹೆಂಗಸರು ಹೇಳುವುದಿಲ್ಲ, ಅದರಲ್ಲಿ ವಿಶೇಷವೇನಿಲ್ಲ. ನಾನೂ ಬಾಯಿಬಿಟ್ಟು ಹೇಳುವವಳಲ್ಲ, ಆದರೆ ಅರ್ಜಿ ಕೊಟ್ಟರೆ ಬರೆದುಬಿಡುತ್ತೇನೆ. ಓದಿದ್ದರಿಂದ ಅಷ್ಟು ಅನುಕೂಲ. ಓರಗಿತ್ತಿಗೆ ಬರೆಯುವುದೂ ಹೇಳಿದ ಹಾಗೆಯೇ. ಮೈದುನನ ಹೆಸರು ಸೋಮೇಗೌಡ. ಹೀಗಾಗಿ ಅವಳು ಹೆಸರನ್ನಷ್ಟೇ ಅಲ್ಲ, ವಾರದಲ್ಲಿ ಒಂದು ದಿನವನ್ನೇ ಬಿಟ್ಟುಕೊಟ್ಟಿದ್ದಾಳೆ. ಸೋಮವಾರ ಎನ್ನಬೇಕಾದ ಕಡೆ ‘ಭಾನುವಾರದ ಮಾರನೇ ದಿನ’ ಎನ್ನುತ್ತಾಳೆ. ಮನೆಯಲ್ಲಿ ಎಲ್ಲರಿಗೂ ಅದು ರೂಢಿಯಾಗಿದೆ.

ಹೊರಗಿನವರಿಗೆ ರೂಢಿಯಾಗಿರಬೇಕಲ್ಲ. ಒಮ್ಮೆ ಹುಣಸೂರಿನಲ್ಲಿ ಬ್ಯಾಂಕಿನ ಖಾತೆ ತೆರೆಯಲು ಅವಳನ್ನು ಕರೆದುಕೊಂಡು ಹೋಗಿದ್ದೆ. ನಾನು ಪಕ್ಕದ ಕಿಟಕಿಯಲ್ಲಿ ಚಲನ್ ಕಟ್ಟುತ್ತಿದ್ದಾಗ, ಹೊಸದಾಗಿ ಬಂದಿದ್ದ ಗುಮಾಸ್ತ ಅವಳ ಗಂಡನ ಹೆಸರು ಕೇಳಿದ. ಅವಳು ಸೆರಗು ಸರಿಮಾಡಿಕೊಂಡಳು. ನನ್ನನ್ನು ನೋಡಿದಳು, ನಾನು ಅವಳ ಕಡೆ ಬೆನ್ನು ಮಾಡಿದ್ದೆ. ಅವನು ಮತ್ತೆ ಕೇಳಿದ. ಕೊನೆಗೆ ಇವಳು, "ಭಾನುವಾರ ಆದ್ ಮ್ಯಾಲೆ ಬತ್ತದಲ್ಲ ಸ್ವಾಮಿ, ಅದು," ಎಂದಳು.

ಆ ಗುಮಾಸ್ತ ತಾಳ್ಮೆಯಿಂದಲೇ ಹೇಳಿದ: "ಅವರು ಯಾವಾಗ ಬೇಕಾದರೂ ಬರಲಿ ಅಮ್ಮ, ನೀವು ಹೆಸರು ಹೇಳಿ ಸಾಕು."

ಕರಡಿ ಬಂತು

ಹೋದ ವರ್ಷ ಓರಗಿತ್ತಿ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಸುಮ್ಮನೆ ಮಲಗಿ ಗೊತ್ತಿಲ್ಲದ ಹೆಂಗಸು. ಮಂಚದ ಮೇಲಿಂದಲೇ ಸಾರಿಗೆ ಉಪ್ಪು ಕಡಿಮೆಯಾಯಿತು, ಹಸುವಿಗೆ ನೀರು ತಡವಾಯಿತು ಎಂದು ಎಲ್ಲರನ್ನೂ ಆಡಿಸತೊಡಗಿದಳು. ಅವಳ ಮಗಳು ಹುಣಸೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ತಾಯಿಯ ಬಾಯಿಗೆ ಬೇರೆ ಕೆಲಸ ಕೊಡಬೇಕೆಂದು ಆಕೆ ಫೋನಿಗೆ ಒಂದು ಆಟ ಹಾಕಿಕೊಟ್ಟಳು.

ಕಾಡಿನ ಅಂಚಿನಲ್ಲಿ ಒಂದು ತೋಟ. ಒಂದೇ ಜಾತಿಯ ಹಣ್ಣು ಮೂರನ್ನು ಸಾಲಾಗಿ ಜೋಡಿಸಿದರೆ ಒಂದು ಬುಟ್ಟಿ ಸಿಗುತ್ತದೆ. ಆ ಬುಟ್ಟಿಯಿಂದ ಪ್ರಾಣಿಗಳನ್ನು ಸಾಕಬೇಕು. ಆನೆಮರಿ, ಹಂದಿಮರಿ, ನವಿಲು, ಕರಡಿಮರಿ, ಎಲ್ಲಕ್ಕೂ ತಟ್ಟೆಯಷ್ಟು ಕಣ್ಣು, ಬನ್ನಿನಂಥ ಕೆನ್ನೆ. ತಿಂದರೆ ಚಪ್ಪಾಳೆ ತಟ್ಟುತ್ತವೆ, ತಿನ್ನಿಸದಿದ್ದರೆ ಕಣ್ಣಲ್ಲಿ ನೀರು ಹಾಕುತ್ತವೆ. ಎಲ್ಲ ಕನ್ನಡದಲ್ಲೇ ಬರುತ್ತದೆ. ಹೊಲಕ್ಕೆ ಬರುವ ಹಂದಿಯನ್ನು ಓಡಿಸಿ ಓಡಿಸಿ ಸಾಕಾಗಿದ್ದ ನನ್ನ ಮೈದುನ ಇದನ್ನು ನೋಡಿ, "ನಾನು ಪಟಾಕಿ ಒಡ್ದು ಓಡುಸ್ತೀನಿ, ಇವ್ಳು ಸೀಬೆಹಣ್ಣು ಕೊಟ್ಟು ಕರೀತಾವ್ಳೆ," ಎಂದು ಹೊರಟುಹೋದ.

ತೊಂದರೆ ಬಂದದ್ದು ಹೆಸರಿನಲ್ಲಿ. ಆ ಆಟದವರು ಪ್ರತಿ ಪ್ರಾಣಿಗೂ ಹೆಸರಿಟ್ಟು ಕಳಿಸಿದ್ದಾರೆ. ಆನೆಮರಿ ಗುಂಡ, ಹಂದಿಮರಿ ಪುಟ್ಟಿ, ಕರಡಿಮರಿ ಸೋಮು. ಓರಗಿತ್ತಿ ಅದನ್ನು ಓದಿದವಳೇ ಫೋನನ್ನು ಮಗುಚಿ ಹಾಸಿಗೆಯ ಮೇಲಿಟ್ಟಳು. "ಅದೇನವ್ವ, ಇವ್ರ ಎಸ್ರ ತಕ್ಕೊಂಡೋಗಿ ಇದುಕ್ಕೆ ಮಡಗವ್ರೆ," ಎಂದು ಮಗಳನ್ನು ಕೇಳಿದಳು. ಮಗಳು ಹೆಸರು ಬದಲಿಸಲು ನೋಡಿದಳು. ಆಟ ಒಪ್ಪಲಿಲ್ಲ. ಅಳಿಸಿಬಿಡೋಣ ಎಂದರೆ ಅಷ್ಟರಲ್ಲಿ ಕರಡಿ ಹಸಿದು ಕಣ್ಣೀರು ಹಾಕುತ್ತಿತ್ತು, ಇವಳು ಒಪ್ಪಲಿಲ್ಲ. ಸಂಜೆಯ ಹೊತ್ತಿಗೆ ಅವಳೇ ದಾರಿ ಕಂಡುಕೊಂಡಳು. ಉಳಿದವೆಲ್ಲ ‘ಅದು’, ಕರಡಿ ಮಾತ್ರ ‘ನಮ್ಮನೆಯವರು’. ಆನೆ ತಿಂದಿತು, ಹಂದಿ ತಿಂದಿತು, ಕರಡಿ ತಿಂದರು.

ಕಾಲು ವಾಸಿಯಾಯಿತು, ಆಟ ವಾಸಿಯಾಗಲಿಲ್ಲ. ಒಂದು ಮಧ್ಯಾಹ್ನ ಮೈದುನ ಹೊಲದಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತ. ಓರಗಿತ್ತಿ ತಲೆಯೆತ್ತದೆ, "ಒಸಿ ತಡೀರಿ, ನಮ್ಮನೆಯವ್ರು ಅಸ್ಕೊಂಡವ್ರೆ," ಎಂದಳು.

"ನಾನೂ ಅದನ್ನೇ ಅಲ್ವಾ ಯೋಳ್ತಿರೋದು," ಎಂದ ಅವನು.

ಸೊಪ್ಪು ಕಟ್ಟುವಾಗ

ಓರಗಿತ್ತಿಯ ತಂಗಿಯನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಿದೆ. ಅಕ್ಕ ಹೇಳಿದ ಮೇಲೆ ಅವಳೂ ಆಟ ಹಾಕಿಸಿಕೊಂಡಳು. ಇದರಲ್ಲಿ ಒಬ್ಬರ ತೋಟದ ಪ್ರಾಣಿ ಇನ್ನೊಬ್ಬರ ತೋಟಕ್ಕೆ ಹೋಗಿ ತಿಂದು ಬರುವುದುಂಟು. ಸಾಕಿದವರು ವಾಪಸು ಕರೆಸಿಕೊಳ್ಳುವವರೆಗೂ ಅಲ್ಲೇ ಬಿದ್ದಿರುತ್ತದೆ.

ಸೊಪ್ಪು ಮುರಿಯುವ ಕಾಲ. ಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದ ಚಪ್ಪರದಡಿ ಆಳುಹೆಂಗಸರು ಸಾಲಾಗಿ ಕುಳಿತು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಓರಗಿತ್ತಿಯೂ ಅವರ ಜೊತೆ ಕುಳಿತಿದ್ದಳು. ಕೈಗೆಲ್ಲ ಸೊಪ್ಪಿನ ಅಂಟು, ಆದ್ದರಿಂದ ಫೋನನ್ನು ಮುಂದಿಟ್ಟುಕೊಂಡು ಸ್ಪೀಕರ್ ಹಾಕಿ ತಂಗಿಯೊಡನೆ ಮಾತು. ನಾನು ಅಲ್ಲೇ ಕಡ್ಡಿ ಎಣಿಸಿ ಬರೆದುಕೊಳ್ಳುತ್ತಿದ್ದೆ.

"ನಮ್ಮನೆಯವ್ರು ನಿಮ್ಮ ತೋಟುಕ್ಕೆ ಬಂದವ್ರೇನೆ?"

"ಬಂದವ್ರೆ ಕಣಕ್ಕ. ಒಂದ್ ಬಾಳೆಗೊನೆ ಪೂರಾ ಮುಗ್ಸಿ ಇಲ್ಲೇ ಮನಗವ್ರೆ. ಕಳುಸ್ಲಾ?"

"ಇರ್ಲಿ ಬುಡು. ಇಲ್ಲಿದ್ರೆ ಬುಟ್ಟಿಗೆ ಕೈ ಆಕ್ತಾರೆ. ಬೆಳಿಗ್ಗೆ ಕಳ್ಸುವಂತೆ."

ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಎಲ್ಲರೂ ಒಟ್ಟಿಗೆ ಬ್ಯಾರನ್ ಕಡೆ ತಿರುಗಿದರು. ಅಲ್ಲಿ ಮೈದುನ ಒಲೆಯ ಬಾಯಿಗೆ ಸೌದೆ ತಳ್ಳುತ್ತಿದ್ದ. ಅವರಲ್ಲಿ ವಯಸ್ಸಾದವಳೊಬ್ಬಳು ತಡೆಯಲಾರದೆ, ನಿಮ್ಮನೆಯವರು ಪಿರಿಯಾಪಟ್ಟಣದಲ್ಲಿ ಮಲಗಿದ್ದರೆ ಅಲ್ಲಿ ಸೌದೆ ಹಾಕುತ್ತಿರುವವರು ಯಾರು ತಾಯಿ ಎಂದು ಕೇಳಿದಳು.

ಓರಗಿತ್ತಿ ಹಣ್ಣು ಜೋಡಿಸುವುದರಲ್ಲಿದ್ದಳು. "ಅವ್ರಾ," ಎಂದಳು, "ಅವ್ರು ಇನ್ನೊಬ್ರು ಕಣವ್ವ."

ವೀರನಹೊಸಹಳ್ಳಿಯ ಅಣ್ಣ ತಂದ ಸಂಬಂಧ

ಓರಗಿತ್ತಿಯ ಅಣ್ಣ ವೀರನಹೊಸಹಳ್ಳಿಯಲ್ಲಿದ್ದಾರೆ, ನಾಗರಹೊಳೆ ಕಾಡಿಗೆ ಅಂಟಿಕೊಂಡ ಹೊಲ. ಆತ ಒಂದು ದಿನ ಸೋದರಸೊಸೆಗೆ, ಅಂದರೆ ಲ್ಯಾಬಿನ ನಮ್ಮ ಹುಡುಗಿಗೆ, ಸಂಬಂಧ ತಂದರು. ಹುಡುಗ ಎಚ್.ಡಿ. ಕೋಟೆಯಲ್ಲಿ ಸರ್ವೆ ಇಲಾಖೆಯಲ್ಲಿದ್ದಾನೆ. ಊರು ಕೆ.ಆರ್. ನಗರದ ಹತ್ತಿರ, ನಾಲೆ ನೀರಿನ ಗದ್ದೆಯ ಜನ.

ನಮ್ಮ ಹುಡುಗಿ ಅಲ್ಲಿಯವರೆಗೆ ಬಂದ ಸಂಬಂಧಗಳಿಗೆಲ್ಲ ಏನಾದರೊಂದು ಕೊಂಕು ತೆಗೆದಿದ್ದಳು. ಒಬ್ಬನ ಮೀಸೆ ಆಗದು, ಒಬ್ಬನ ನಗು ಆಗದು. ಈ ಹುಡುಗನ ಹೆಸರು ಕೇಳಿದೊಡನೆ, ತೊಳೆದಿಟ್ಟಿದ್ದ ಲೋಟಗಳನ್ನೇ ಎತ್ತಿಕೊಂಡು ಮತ್ತೆ ತೊಳೆಯಲು ಹೋದಳು. ನಾನು ಹಿಂದೆಯೇ ಹೋಗಿ ಕೇಳಿದೆ. ಅವನು ಡೆಂಗಿ ಜ್ವರ ಬಂದು ಹುಣಸೂರಿನ ಆಸ್ಪತ್ರೆಯಲ್ಲಿದ್ದಾಗ ದಿನಾ ಬೆಳಿಗ್ಗೆ ರಕ್ತ ತೆಗೆದದ್ದು ಇವಳೇ ಅಂತೆ. ಜ್ವರ ಬಿಟ್ಟ ಮೇಲೂ ಎರಡು ಸಲ ರಕ್ತ ಕೊಡಲು ಬಂದಿದ್ದನಂತೆ. ಸೋದರಮಾವ ತಾನು ಹುಡುಕಿ ತಂದ ಸಂಬಂಧವೆಂದು ತಿಳಿದಿದ್ದರು. ಹಾಗೆಯೇ ತಿಳಿದಿರಲಿ ಎಂದು ಬಿಟ್ಟೆವು.

ಆ ಮನೆಯವರದು ಒಂದೇ ಷರತ್ತು. ಹುಡುಗನ ತಾಯಿಯ ಸ್ವಂತ ಅಣ್ಣ ಕುಡಿದು ಮನೆ ಹಾಳುಮಾಡಿ ತೀರಿಕೊಂಡವರು. ಹಾಗಾಗಿ ಆಕೆ ಕುಡಿಯುವವರ ಮನೆಯ ಹೆಣ್ಣು ತರುವುದಿಲ್ಲ, ಎಷ್ಟೇ ಒಳ್ಳೆಯ ಹುಡುಗಿಯಾದರೂ ಸರಿ. ನಮಗೆ ಅದರಲ್ಲಿ ಚಿಂತೆಯಿರಲಿಲ್ಲ. ನನ್ನ ಮೈದುನ ಟೀ ಕೂಡ ಮುಟ್ಟುವವನಲ್ಲ, ಮಜ್ಜಿಗೆಯಲ್ಲೇ ಬದುಕಿದವನು. ಹುಡುಗಿ ಒಳಗಿನಿಂದ ಕೇಳಿಸಿಕೊಂಡು ಲೋಟ ತೊಳೆಯುವುದನ್ನು ನಿಲ್ಲಿಸಿದಳು. ಇನ್ನು ಹೆಣ್ಣು ನೋಡುವ ಶಾಸ್ತ್ರವೊಂದೇ ಬಾಕಿ ಎಂದುಕೊಂಡೆವು.

ಹೊರಡುವ ಮುಂಚೆ ಓರಗಿತ್ತಿ ಅಣ್ಣನಿಗೆ ತನ್ನ ಕರಡಿಮರಿಯನ್ನು ತೋರಿಸಿದಳು. ಅದು ಹಲ್ಲುಬಿಟ್ಟು ನಗುತ್ತಿತ್ತು. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟರು.

"ನಮ್ ಕಡೇಲಿ ಕರಡಿ ಇಂಗೆ ಅಲ್ಲು ಬುಟ್ರೆ, ನಾವು ನಿಂತ್ಕೊಂಡು ಎಸ್ರು ಕೇಳಲ್ಲ ಕಣಮ್ಮಿ," ಎಂದರು.

ಕೆ.ಆರ್. ನಗರದ ಬಸ್ಸು

ಆ ವಾರವೇ ಓರಗಿತ್ತಿ ನಂಟರ ಮನೆಯ ನಾಮಕರಣಕ್ಕೆಂದು ಕೆ.ಆರ್. ನಗರದ ಬಸ್ಸು ಹತ್ತಿದಳು. ಬಸ್ಸಿನ ಸದ್ದಿಗೆ ಮೇಲಾಗಿ ತಂಗಿಯೊಡನೆ ಫೋನಿನಲ್ಲಿ ಮಾತಾಡುತ್ತ ಹೋದಳು. ಆ ಹೊತ್ತಿಗೆ ಆಟದಲ್ಲಿ ಹೊಸದೊಂದು ಶುರುವಾಗಿತ್ತು. ಕರಡಿಗೆ ಜೇನಿನ ಮಡಕೆ ಕೊಟ್ಟರೆ ಕುಡಿದು ಅಂಗಾತ ಮಲಗಿಬಿಡುತ್ತದೆ. ಒಂದು ಬುಟ್ಟಿ ಹಣ್ಣು ಕೊಟ್ಟು ಗಂಟೆ ಕೊಳ್ಳಬೇಕು, ಆ ಗಂಟೆ ಬಾರಿಸಿದರೆ ಏಳುತ್ತದೆ. ಇಷ್ಟು ತಿಳಿದಿದ್ದರೆ ಅವಳ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ.

"ಎದ್ದೋರೆ ಒಂದ್ ಮಡಕೆ ಕುಡ್ದವ್ರೆ ಕಣೆ. ಕುಡುದ್ರೆ ಮುಗೀತು, ಎಲ್ಲಿದ್ರೆ ಅಲ್ಲೇ ಬಿದ್ಕೋತಾರೆ. ಮೊನ್ನೆ ನಿಮ್ಮನೆ ತಾವ ಬಂದು ಬಿದ್ದಿರ್ಲಿಲ್ವಾ, ಅಂಗೇಯ. ಏನ್ ಮಾಡ್ಲಿ, ದಿನಾ ಬಾರುಸ್ತೀನಿ. ಒಂದ್ ಸಲ ಬಾರುಸ್ದ್ರೆ ಮಗ್ಗುಲಾಯ್ತಾರೆ, ಎರಡ್ ಸಲ ಬಾರುಸ್ದ್ರೆ ಎದ್ ಕೂತ್ಕೋತಾರೆ."

ಅವಳ ಹಿಂದಿನ ಸೀಟಿನಲ್ಲಿ ಕುಳಿತಿದ್ದವರು ಹುಡುಗನ ಸೋದರತ್ತೆ. ಅದು ನಮಗೆ ಆಮೇಲೆ ಗೊತ್ತಾಯಿತು. ಓರಗಿತ್ತಿಗೆ ಅವರ ಪರಿಚಯವಿರಲಿಲ್ಲ. ಅವರು ಮಾತ್ರ ಹುಡುಗಿಯ ಫೋಟೋದಲ್ಲಿ ತಾಯಿಯನ್ನೂ ನೋಡಿದ್ದರು.

ಇಳಿಯುವ ಜಾಗ ಬಂದಾಗ ಆ ಹೆಂಗಸು ಇವಳ ಹೆಗಲ ಮೇಲೆ ಕೈಯಿಟ್ಟು, ಬಾರಿಸುವುದು ಒಳ್ಳೆಯದೇ ತಾಯಿ, ಕೈ ಬಿಡಬೇಡಿ ಎಂದು ಧೈರ್ಯ ಹೇಳಿದರಂತೆ. ಇವರೂ ಆಟ ಆಡುವವರೇ ಇರಬೇಕು ಎಂದುಕೊಂಡ ಓರಗಿತ್ತಿಗೆ ಬಹಳ ಸಂತೋಷವಾಯಿತು.

"ಬುಟ್ಟೇನಾ ಅಕ್ಕ," ಎಂದಳಂತೆ. "ಈಗ ಮನೆಗೋಗಿ ಇನ್ನೊಂದ್ ಸಲ ಬಾರುಸ್ಬೇಕು."

ಯಾವ ದಿನ ಬರಬೇಕು

ಎರಡು ದಿನ ಕಳೆದು ವೀರನಹೊಸಹಳ್ಳಿಯ ಅಣ್ಣ ನನಗೆ ಫೋನ್ ಮಾಡಿದರು. ಧ್ವನಿಯೇ ಸರಿಯಿರಲಿಲ್ಲ. ಸಂಬಂಧ ಬೇಡವೆಂದು ಕೆ.ಆರ್. ನಗರದಿಂದ ಹೇಳಿ ಕಳಿಸಿದ್ದಾರೆ, ಹುಡುಗಿಯ ಅಪ್ಪ ಬೆಳಿಗ್ಗೆಯೇ ಕುಡಿಯುತ್ತಾನೆ, ಕಂಡವರ ಮನೆ ಮುಂದೆ ಬೀಳುತ್ತಾನೆ, ಹೆಂಡತಿ ದಿನಾ ಹೊಡೆದು ಎಬ್ಬಿಸುತ್ತಾಳೆ ಎಂದು ಮಾತಾಗಿದೆ ಎಂದರು. ಇಂಥ ಸುಳ್ಳನ್ನು ಯಾರು ಹೇಳಿದ್ದು ಎಂದು ನಾನು ಜೋರು ಮಾಡಿದೆ.

"ನಮ್ ತಂಗೀನೇ ಯೋಳೌಳಂತೆ ಅಕ್ಕಾವ್ರೆ," ಎಂದರು ಅವರು.

ಓರಗಿತ್ತಿಯನ್ನು ಕೂರಿಸಿ ಒಂದೊಂದೇ ಮಾತು ಕೇಳಿದ ಮೇಲೆ ಬಸ್ಸಿನ ಕತೆ ಹೊರಬಂತು. ಮೈದುನ ಎಲ್ಲ ಕೇಳಿಸಿಕೊಂಡು, ತನ್ನನ್ನು ಎಷ್ಟು ಸಲ ಬಾರಿಸಿದರೆ ಏಳುತ್ತೇನಂತೆ ಎಂದಷ್ಟೇ ಕೇಳಿದ. ಹುಡುಗಿ ಆ ದಿನ ಕೆಲಸಕ್ಕೆ ಹೋಗಲಿಲ್ಲ. ತಾಯಿಯನ್ನು ಒಂದು ಮಾತೂ ಅನ್ನದೆ, ಮುದ್ದೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಅದು ಆರುವವರೆಗೂ ಕುಳಿತಿದ್ದಳು. ಬೈದಿದ್ದರೆ ಅವಳಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಓರಗಿತ್ತಿ ಕಣ್ಣೊರೆಸಿಕೊಂಡು, ಜೇನು ಕುಡಿದು ಮಲಗಿದ್ದ ಕರಡಿಯನ್ನು ಹಾಗೇ ಉಪವಾಸ ಕೆಡವಿ ಫೋನನ್ನು ನನ್ನ ಕೈಗೆ ಕೊಟ್ಟಳು.

ಅಣ್ಣ ಮತ್ತೆ ಹೋಗಿ ಕೈಮುಗಿದು ಬಂದರು. ಹುಡುಗನೂ ಮನೆಯಲ್ಲಿ ಹಟ ಹಿಡಿದನಂತೆ. ಕೊನೆಗೆ ಹುಡುಗನ ತಾಯಿ, ತಾನೇ ಬಂದು ಕಣ್ಣಾರೆ ನೋಡುತ್ತೇನೆ, ಆಮೇಲೆ ಮುಂದಿನ ಮಾತು ಎಂದರು. ಯಾವ ದಿನ ಬರಬೇಕೆಂದು ಕೇಳಲು ಅವರ ಫೋನು ಬಂದಾಗ ನಾನು ಫೋನನ್ನು ಮನೆಯಲ್ಲೇ ಇಟ್ಟು ಡೇರಿಗೆ ಹೋಗಿದ್ದೆ. ಫೋನು ಎತ್ತಿದವಳು ಓರಗಿತ್ತಿ. ಸೋಮವಾರಕ್ಕೆ ಎಂದು ನಾವು ಮೊದಲೇ ಗೊತ್ತು ಮಾಡಿದ್ದೆವು. ಅವಳು ಬಹಳ ಮರ್ಯಾದೆಯಿಂದ, ‘ಭಾನುವಾರದ ಮಾರನೇ ದಿನ’ ಬನ್ನಿ ಎಂದಿದ್ದಾಳೆ. ನಮ್ಮ ಹಟ್ಟಿಯಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ಮೊದಲ ಮಾತು ಕೆ.ಆರ್. ನಗರಕ್ಕೆ ಹೋಯಿತು, ಉಳಿದದ್ದು ಇಲ್ಲೇ ಉಳಿಯಿತು.

ಒಂದು ಸಲಕ್ಕೆ ಸೋಮವಾರ ಎಂದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ನಾನು ಅವಳನ್ನು ಕೇಳಿದೆ.

"ಸರಿ ಓಯ್ತು," ಎಂದಳು. "ಕುಡುಕ್ನ ಎಂಡ್ರು ಅಂತ ಮೊದ್ಲೇ ಅಂದವ್ರೆ. ಗಂಡನ್ ಎಸ್ರೂ ಕೂಗ್ತಾಳೆ ಅಂತ ಬೇರೆ ಅನ್ಸ್ಕೊಬೇಕಾ?"

ಗಂಟೆ

ಭಾನುವಾರ ಹನ್ನೊಂದರ ಹೊತ್ತಿಗೆ ಮನೆ ಮುಂದೆ ಕಾರು ನಿಂತಿತು. ಹುಡುಗನ ತಂದೆ ತಾಯಿ ಇಳಿದರು. ನನ್ನ ಯಜಮಾನರು ಮೈಸೂರಿಗೆ ಹೋಗಿದ್ದರು. ನಾನು ಹಳೇ ಸೀರೆಯಲ್ಲಿದ್ದೆ, ಓರಗಿತ್ತಿಯ ಕೈಯಲ್ಲಿ ಸಗಣಿ ಬುಟ್ಟಿ, ಹುಡುಗಿ ತಲೆಗೆ ಎಣ್ಣೆ ಹಾಕಿಕೊಂಡು ಕುಳಿತಿದ್ದಳು. ಅದೆಲ್ಲ ಹೋಗಲಿ. ಜಗಲಿಯ ಮೇಲೆ ನನ್ನ ಮೈದುನ ಮಲಗಿದ್ದ.

ಬ್ಯಾರನ್ನಿನಲ್ಲಿ ಸೊಪ್ಪು ಬೇಯುವಾಗ ಬೆಂಕಿ ಏರಬಾರದು, ಇಳಿಯಬಾರದು, ರಾತ್ರಿಯೆಲ್ಲ ಒಬ್ಬರು ಕಾಯಲೇಬೇಕು. ಕಾದವನು ಬೆಳಿಗ್ಗೆ ಬಂದು ಬಿದ್ದರೆ ಹೆಣದ ನಿದ್ದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಾಗಿದ್ದರೆ ನೋಡಿದ ಕೂಡಲೇ ತಿಳಿಯುತ್ತಿದ್ದರು. ಇವರು ಗದ್ದೆಯ ಕಡೆಯವರು. ಅವರಿಗೆ ಕಂಡದ್ದು ಇಷ್ಟು: ಹಾಡುಹಗಲು ಜಗಲಿಯಲ್ಲಿ ಅಂಗಾತ ಬಿದ್ದಿರುವ ಮನೆಯ ಗಂಡಸು, ಅರ್ಧ ತೆರೆದ ಕೆಂಪು ಕಣ್ಣು, ಸೊಂಟದಿಂದ ಜಾರಿದ ಪಂಚೆ, ತಲೆಯ ಪಕ್ಕ ಒಂದು ಮಡಕೆ. ಹುಡುಗನ ತಾಯಿ ಗಂಡನ ಮುಖವನ್ನು ನೋಡಿದರು.

ನಾನು ಒಳಗೆ ಬನ್ನಿ ಎಂದು ಕರೆಯುತ್ತಿದ್ದೆ. ಓರಗಿತ್ತಿ ಅಷ್ಟರಲ್ಲಿ ಕೈತೊಳೆದು ಬಂದು ಗಂಡನನ್ನು ಎಬ್ಬಿಸಲು ನೋಡಿದಳು. ಹೆಸರು ಕೂಗುವ ಹಾಗಿಲ್ಲ. ಬೀಗರಾಗುವವರ ಎದುರಿಗೆ, ಅದೂ ಹೊಡೆದು ಎಬ್ಬಿಸುತ್ತಾಳೆ ಎಂಬ ಮಾತು ಹಬ್ಬಿರುವಾಗ, ಮೈ ಮುಟ್ಟಿ ಅಲುಗಿಸುವ ಹಾಗೂ ಇಲ್ಲ. ಕೆಮ್ಮಿದಳು. ಚೊಂಬನ್ನು ಕುಕ್ಕಿದಳು. ಆಮೇಲೆ ಅವಳಿಗೆ ಏನು ತೋಚಿತೋ, ದೇವರ ಮನೆಗೆ ಓಡಿಹೋಗಿ ಪೂಜೆಯ ಗಂಟೆಯನ್ನು ತಂದು ಅವನ ಕಿವಿಯ ಹತ್ತಿರ ಹಿಡಿದು ಬಾರಿಸಿದಳು. ಅಷ್ಟು ದಿನ ಆಡಿದ ಆಟ ಕೈಗೆ ಬಂದುಬಿಟ್ಟಿತ್ತು.

ಮೈದುನ ಕಣ್ಣು ಬಿಡಲಿಲ್ಲ. ನಿದ್ದೆಯಲ್ಲೇ ಎರಡೂ ಕೈ ಮುಂದೆ ಚಾಚಿ, ಮಂಗಳಾರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು, ಆ ಕಡೆ ಮಗ್ಗುಲಾದ.

ಕೂಗಿದರೆ ಏಳುತ್ತದೆ

ಒಳಗೆ ಕೂರಿಸಿದ ಮೇಲೆ ನಾನು ಮೊದಲಿನಿಂದ ಎಲ್ಲವನ್ನೂ ಬಿಡಿಸಿ ಹೇಳಿದೆ. ನನ್ನ ಮಾತಿಗೆ ಊರಲ್ಲಿ ಬೆಲೆಯಿದೆ. ಪಂಚಾಯಿತಿಯವರೂ ಕೇಳುತ್ತಾರೆ. ಆದರೆ ಕುಡಿದದ್ದು ಗಂಡನಲ್ಲ, ಕರಡಿ ಎಂಬ ಮಾತನ್ನು ಯಾವ ಪದವೀಧರೆ ಹೇಳಿದರೂ ನಂಬುವುದು ಕಷ್ಟ. ಹುಡುಗನ ತಾಯಿ ಕಾಫಿ ಲೋಟ ಮುಟ್ಟದೆ ಕೇಳಿಸಿಕೊಂಡರು. ಬಾಗಿಲ ಸಂದಿಯಲ್ಲಿ ನಮ್ಮ ಹುಡುಗಿಯ ಸೀರೆಯ ಅಂಚು ಕಾಣುತ್ತಿತ್ತು, ಅಲುಗುತ್ತಿರಲಿಲ್ಲ.

"ಎಲ್ಲಿ, ತೋರ್ಸಿ ನೋಡಾನ," ಎಂದರು ಆಕೆ ಕೊನೆಗೆ.

ಫೋನು ತಂದುಕೊಟ್ಟೆ. ಆಕೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬರಿದಾದ ಜೇನಿನ ಮಡಕೆಯ ಪಕ್ಕ ಕರಡಿಮರಿ ಹೊಟ್ಟೆ ಮೇಲಾಗಿ ಮಲಗಿತ್ತು. ಆಕೆ ಬಹಳ ಹೊತ್ತು ನೋಡಿದರು. ಮುಖದ ಬಿಗಿ ಒಂದೊಂದೇ ಎಳೆ ಸಡಿಲವಾಯಿತು. ಒಮ್ಮೆ ಓರೆಗಣ್ಣಿನಿಂದ ಗಂಡನನ್ನು ನೋಡಿ, ದನಿ ತಗ್ಗಿಸಿ ಓರಗಿತ್ತಿಯನ್ನು ಕೇಳಿದರು: "ನೀವು ಇನ್ನೂ ಈ ತೋಟುದಲ್ಲೇ ಇದ್ದೀರಾ? ನಾನು ಒಳೆ ದಾಟಿ ಆಚೆ ಓಗಿವ್ನಿ."

ದನಿ ತಗ್ಗಿಸಿದ್ದು ಸಾಲಲಿಲ್ಲ. ಹುಡುಗನ ತಂದೆ ಲೋಟ ಕೆಳಗಿಟ್ಟರು. ಫೋನಿನಲ್ಲಿ ಪುರಾಣ ಕೇಳುತ್ತೇನೆ ಎಂದು ಇಷ್ಟು ದಿನ ಸಾರು ಸೀಯಿಸಿದ್ದು ಇದಕ್ಕೇನಾ ಎಂದು ಕೇಳಿದರು. ಆಕೆ ಆಗಲೇ ಓರಗಿತ್ತಿಯ ಪಕ್ಕಕ್ಕೆ ಸರಿದು ಕುಳಿತು, ತೋಟದ ಒಳಹೊರಗನ್ನೆಲ್ಲ ನೋಡುತ್ತಿದ್ದರು. ಹಣ್ಣಿನ ಬುಟ್ಟಿಗಳು ಇಷ್ಟು ಕಡಿಮೆ ಯಾಕೆ ಎಂದು ಕೇಳಿದರು. ಗಂಟೆಗೇ ಎಲ್ಲ ಹೋಗುತ್ತದೆ ಎಂದಳು ಓರಗಿತ್ತಿ.

"ಗಂಟೆ ಯಾತಕ್ಕೆ?" ಎಂದರು ಆಕೆ. "ಎಸ್ರಿಡ್ದು ಕೂಗುದ್ರೆ ಬಿಟ್ಟಿ ಏಳ್ತದಲ್ಲ. ಕೂಗೇ ಇಲ್ವಾ ನೀವು?"

ಓರಗಿತ್ತಿ ತಲೆ ತಗ್ಗಿಸಿದಳು. "ಅದೊಂದ್ ನನ್ ಕೈಲಾಗಕಿಲ್ಲ ಕಣಕ್ಕ."

ಆಕೆಗೆ ಇದರ ಅರ್ಥ ಹೊಳೆಯಲಿಲ್ಲ. ಹುಡುಗಿಯ ಅಪ್ಪನ ಹೆಸರು ಅವರು ಕೇಳಿದ್ದರೂ ಆ ಗಳಿಗೆಯಲ್ಲಿ ನೆನಪಿದ್ದದ್ದು ಕರಡಿಯ ಹೆಸರೊಂದೇ. ಇಲ್ಲಿ ಕೊಡಿ ನಾನು ತೋರಿಸುತ್ತೇನೆ ಎಂದು ಫೋನನ್ನು ಬಾಯಿಯ ಹತ್ತಿರ ಹಿಡಿದು, ನಾಲೆಯ ಆಚೆ ದಡದಲ್ಲಿರುವ ಆಳನ್ನು ಕರೆಯುವ ಗಂಟಲಿನಲ್ಲಿ ಕೂಗಿದರು:

"ಲೋ ಸೋಮು. ಏಳೋ ಮ್ಯಾಕೆ. ಸೋಮಾರಿ ನನ್ ಮಗ್ನೆ, ಒತ್ತು ಎಲ್ಲಿಗ್ ಬಂತು ನೋಡು. ಎದ್ ಬತ್ತೀಯೋ, ನಾನೇ ಬರ್ಲೋ?"

ಜಗಲಿಯಲ್ಲಿ ಮಡಕೆ ಉರುಳಿ ಒಡೆದ ಸದ್ದಾಯಿತು. ನಮ್ಮ ಅತ್ತೆ ತೀರಿಕೊಂಡ ಮೇಲೆ ಅವನನ್ನು ಆ ಹೆಸರಿನಿಂದ, ಆ ಧಾಟಿಯಲ್ಲಿ ಯಾರೂ ಎಬ್ಬಿಸಿರಲಿಲ್ಲ. ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು, ಮೊಣಕಾಲಿನವರೆಗೆ ನೆನೆದು, ಮೈದುನ ನಡುಮನೆಯ ಬಾಗಿಲಲ್ಲಿ ಬಂದು ನಿಂತ.

"ಬಂದೆ ಕಣವ್ವ," ಎಂದ. "ಎದ್ದಿವ್ನಿ."

ಹುಡುಗನ ತಾಯಿಯ ಕೈಯಲ್ಲಿ ಫೋನು ಹಾಗೇ ನಿಂತಿತು. ಅದರೊಳಗೆ ಕರಡಿಯೂ ಎದ್ದು ಕುಳಿತು ಚಪ್ಪಾಳೆ ತಟ್ಟುತ್ತಿತ್ತು. ಆಕೆಗೆ ಈಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು, ಯಾಕೆ ಗಂಟೆ, ಯಾಕೆ ನಮ್ಮನೆಯವರು, ತಾನು ಈಗ ಯಾರನ್ನು ಏನೆಂದು ಕರೆದೆ ಎಂಬುದು. ಮೈದುನನ ಹಿಂದೆ ಜಗಲಿಯಿಂದ ಬಾಗಿಲವರೆಗೆ ಬೆಳ್ಳಗೆ ಏನೋ ಹರಿದು ಬಂದಿತ್ತು. ಹುಡುಗನ ತಂದೆ ಎದ್ದುಹೋಗಿ ಬಗ್ಗಿ, ಬೆರಳಿನಿಂದ ಮುಟ್ಟಿ ಮೂಸಿ ನೋಡಿದರು. ನೆಟ್ಟಗೆ ನಿಂತ ಮೇಲೆ ಮೈದುನನ ಹತ್ತಿರ ಹೋಗಿ, ಕೈ ಕುಲುಕುವ ನೆವದಲ್ಲಿ ಅವನ ಮುಖದ ಹತ್ತಿರವೂ ಒಂದು ಸಲ ಉಸಿರೆಳೆದುಕೊಂಡರು.

"ಮಜ್ಜಿಗೆ ಕಣೆ," ಎಂದರು ಹೆಂಡತಿಗೆ. "ಎಲ್ಡೂ ಕಡೇನೂ ಮಜ್ಜಿಗೆ."

ಬಾಗಿಲ ಸಂದಿಯಿಂದ ಸೀರೆಯ ಅಂಚು ಮಾಯವಾಯಿತು. ಅಡುಗೆಮನೆಯಲ್ಲಿ ಹುಡುಗಿ ಬಾಯಿಗೆ ಸೆರಗು ತುರುಕಿಕೊಂಡು ನಗುವುದು ನಡುಮನೆಗೂ ಕೇಳಿಸುತ್ತಿತ್ತು. ನಾನು ರಾತ್ರಿ ಬ್ಯಾರನ್ ಕಾದದ್ದನ್ನು ಮತ್ತೊಮ್ಮೆ ಹೇಳಿದೆ, ಈಗ ಎಲ್ಲರೂ ಕೇಳಿದರು. ಹುಡುಗನ ತಂದೆ, ಇನ್ನು ತಡ ಮಾಡುವುದು ಬೇಡ, ಹುಡುಗಿಯ ಕೈಲಿ ಬೇರೆ ಕಾಫಿ ಕಳಿಸಿ, ಇವತ್ತೇ ಶಾಸ್ತ್ರ ಮುಗಿಸಿ ಹೂ ಮುಡಿಸಿ ಹೋಗುತ್ತೇವೆ ಎಂದರು. ಮೈದುನ ಮಾತ್ರ ಇವರು ಯಾರು, ಯಾಕೆ ಬಂದಿದ್ದಾರೆ ಎಂದು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ.

ಹುಡುಗನ ತಾಯಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಎದ್ದು ಬಂದು ಓರಗಿತ್ತಿಯ ಎರಡೂ ಕೈ ಹಿಡಿದುಕೊಂಡರು. ಬೀಗರಾಗುವವರನ್ನು, ಅವರ ಮನೆಯಲ್ಲೇ ಕುಳಿತು, ಬಾಯಿಗೆ ಬಂದ ಹಾಗೆ ಸೋಮಾರಿ ಎಂದುಬಿಟ್ಟೆನಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು.

ಓರಗಿತ್ತಿ ಬಾಗಿಲಲ್ಲಿ ನಿಂತಿದ್ದ ಗಂಡನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡಿರಲಿಲ್ಲ.

"ಅನ್ನಿ ಬುಡಿ ಅಕ್ಕ," ಎಂದಳು. "ಮದ್ವೆ ಆದಾಗಿಂದ ನಾನೂ ಆ ಮಾತ ಅನ್ಬೇಕು ಅನ್ಬೇಕು ಅಂತಾನೇ ಇದ್ದೆ. ಅದು ಸುರುವಾಗಾದೇ ಇವ್ರ ಎಸ್ರಿಂದ, ಏನ್ ಮಾಡಾದು."